ಕೆಳಖಾನೆಯ ದಪ್ಪಕ್ಷರ

ಈ ಸಭೆಯ ಅಧ್ಯಕ್ಷೆಯೂ ಅರವತ್ತು ವರ್ಷದಿಂದ ನಮ್ಮ ಪಕ್ಕದ ಮನೆಯವಳೂ ಆದ, ಟೊಲೆಫ್ಸನ್ನರ ಮನೆಮಗಳು ಶ್ರೀಮತಿ ಸಿಗ್ರಿಡ್ ಅವರೇ, ನಮ್ಮ ಊರಿನ ಮಾನ್ಯ ಮೇಯರ್ ಅವರೇ, ವಸ್ತುಸಂಗ್ರಹಾಲಯದ ಸಮಿತಿಯವರೇ, ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನು ನೋಡದೆ ತನ್ನ ಟೋಪಿಯನ್ನೇ ನೋಡುತ್ತಿರುವ ನನ್ನ ತಮ್ಮ ಮಿಲೋಷನೇ, ಹಾಗೂ ಆಲ್ಡರ್ ಪಾಯಿಂಟಿನ ಸಮಸ್ತ ಸಭಿಕರೇ,

ಅಡುಗೆಮನೆಯಿಂದ ಬರುತ್ತಿರುವ ವಾಸನೆ ನಿಮಗೂ ಬಡಿದಿದೆ, ನನಗೂ ಬಡಿದಿದೆ. ಗಸಗಸೆ ಹೂರಣದ ಸಿಹಿ ಬನ್ನು, ನಮ್ಮ ಕೊಲಾಚೆ, ಬೇಯುತ್ತಿರುವಾಗ ಭಾಷಣ ಮಾಡುವವಳಿಗೆ ಚಪ್ಪಾಳೆ ಬೇಗ ಸಿಗುತ್ತದೆ, ಅದು ಅವಳು ಬೇಗ ಮುಗಿಸಲಿ ಎಂಬ ಚಪ್ಪಾಳೆ. ಆದರೂ ಸ್ವಲ್ಪ ತಾಳ್ಮೆಯಿರಲಿ. ನನ್ನ ತಂದೆ ಲದಿಸ್ಲಾವ್ ಕೊರಾಂಡಾ ಅವರ ಅಚ್ಚುಕೂಟವನ್ನು ಇಂದು ಊರಿಗೆ ಒಪ್ಪಿಸುತ್ತಿದ್ದೇನೆ. ಅವರು ಇಪ್ಪತ್ತೆಂಟು ವರ್ಷ ನಡೆಸಿದರು, ನಾನು ಮೂವತ್ತಾರು ವರ್ಷ ನಡೆಸಿದೆ. ಒಪ್ಪಿಸುವಾಗ ಎರಡು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದರು. "ಆ ದಪ್ಪ ಮರದ ಅಕ್ಷರಗಳ ಬಗ್ಗೆ ಹೇಳಿ, ಮಕ್ಕಳಿಗೆ ತಿಳಿಯಲಿ" ಎಂದರು. ಅಕ್ಷರಗಳ ಬಗ್ಗೆ ಹೇಳುತ್ತೇನೆ. ಅದನ್ನು ಹೇಳಲು ಹೊರಟರೆ ಬೇರೆಯದೂ ಬಂದುಬಿಡುತ್ತದೆ, ಅದಕ್ಕೆ ನಾನು ಹೊಣೆಯಲ್ಲ.

ನನ್ನ ಹಿಂದೆ ಮೇಜಿನ ಮೇಲಿರುವ ಅಕ್ಷರವನ್ನು ನೋಡಿ. ಅಂಗೈಯಗಲದ ಮೇಪಲ್ ಮರದ ತುಂಡು. ಅರವತ್ತು ವರ್ಷದ ಶಾಯಿ, ಎಣ್ಣೆ ಕುಡಿದು ಕಪ್ಪಾಗಿದೆ. ಕಂಬ ಎಷ್ಟು ದಪ್ಪ ಗಮನಿಸಿ. ಕಂಬದ ಬುಡದಲ್ಲಿ ಎರಡು ಕಡೆಗೂ ಚಾಚಿಕೊಂಡ ಪಾದವಿದೆ. ಆ ಪಾದ ಕಂಬಕ್ಕೆ ಥಟ್ಟನೆ ಕೂಡಿಲ್ಲ, ಸಣ್ಣದೊಂದು ತಿರುವಿನಲ್ಲಿ ಹಿಮ್ಮಡಿ ತುಂಬಿಕೊಂಡು ಕೂಡಿದೆ. ತೆಳು ಗೆರೆಗಳೂ ಉಂಟು, ಆದರೆ ಮುರಿಯುವಷ್ಟು ತೆಳುವಲ್ಲ. ತಲೆಯ ಮೇಲೆಯೂ ಅಂಥದೇ ಚಾಚು, ಬಾಗಿಲಿಗೆ ಹೊಸ್ತಿಲೂ ಇದ್ದು ಮೇಲ್ಪಟ್ಟಿಯೂ ಇದ್ದಹಾಗೆ. ಬೀದಿಯ ಆ ಕಡೆಯಿಂದ, ಹಿಮ ಬೀಳುವಾಗ, ಕನ್ನಡಕ ಮರೆತು ಬಂದವರಿಗೂ ಇದು ಓದಲು ಸಿಗುತ್ತದೆ. ಅದಕ್ಕಾಗಿಯೇ ಇದು ಹುಟ್ಟಿದ್ದು.

ಒಮ್ಮೆ ಶಿಕಾಗೋದಿಂದ ಒಬ್ಬ ಮಾರಾಟಗಾರ ಪಾದವಿಲ್ಲದ ಹೊಸ ನಮೂನೆಯ ಅಕ್ಷರಗಳನ್ನು ತಂದು ತೋರಿಸಿದ್ದ. ಅಪ್ಪ ಅವನ್ನು ಅತ್ತಿತ್ತ ತಿರುಗಿಸಿ ನೋಡಿ, "ಚೆನ್ನಾಗವೆ. ಆದ್ರೆ ಪಾಪ, ಬರಿಗಾಲಲ್ಲಿ ನಿಂತವೆ. ನಮ್ಮೂರ ಚಳಿ ತಡ್ಕೊಳಲ್ಲ, ವಾಪಸ್ ಕರ್ಕೊಂಡ್ ಹೋಗಪ್ಪ" ಎಂದರು. ಮಾರಾಟಗಾರ ನಗಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿದು ಹೋದ.

ಈ ಅಕ್ಷರಕ್ಕೆ ಊರಿನಲ್ಲಿ ಏನು ಕೆಲಸವಿತ್ತು? ಏನು ಕೆಲಸವಿರಲಿಲ್ಲ ಎಂದು ಕೇಳಿ. ಹೊಲಮನೆಯ ಹರಾಜು ಅದರಲ್ಲಿ, ಚುನಾವಣೆ ಅದರಲ್ಲಿ, ಕಳೆದುಹೋದ ಹಸು ಅದರಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಡಿ ಹೊಡೆಯಬೇಡಿ ಎಂಬ ಎಚ್ಚರಿಕೆ ಅದರಲ್ಲಿ. ಅಪ್ಪನಿಗೆ ಒಂದು ನಿಯಮವಿತ್ತು. ಮದುವೆ, ಕುಣಿತ, ಬ್ಯಾಂಡಿನ ಕಛೇರಿ ಇವೆಲ್ಲ ಬಳ್ಳಿಬಳ್ಳಿಯ ಅಕ್ಷರದಲ್ಲಿ. ದಪ್ಪಕ್ಷರದಲ್ಲಿಯೂ ಎರಡನೇ ಅಳತೆ, ಮೂರನೇ ಅಳತೆ ದಿನನಿತ್ಯದ ಕೆಲಸಕ್ಕೆ. ಎಲ್ಲಕ್ಕಿಂತ ದೊಡ್ಡ ಅಳತೆ ಕೆಳಗಿನ ಖಾನೆಯಲ್ಲಿ ಇರುತ್ತಿತ್ತು. ಅದರಲ್ಲಿ ಒಬ್ಬ ಮನುಷ್ಯನ ಹೆಸರು ಬರುತ್ತಿದ್ದುದು ಒಂದೇ ಸಲ, ಅವನು ತೀರಿಕೊಂಡಾಗ. ಅಂಚೆಕಚೇರಿಯ ಗೋಡೆಗೆ, ಬ್ರೆಡ್ ಅಂಗಡಿಯ ಕಿಟಕಿಗೆ, ಚರ್ಚಿನ ಬಾಗಿಲಿಗೆ ಆ ಹಾಳೆ ಅಂಟುತ್ತಿತ್ತು. ನಮ್ಮೂರ ಗಂಡಸರು ಜಗಳವಾಡುವಾಗ "ಕೊರಾಂಡಾನ ಕೆಳಗಿನ ಖಾನೆ ತೆಗೆಸ್ತೀನಿ ನೋಡು" ಎಂದು ಬೆದರಿಸುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಈಗ ಮೂವತ್ತನಾಲ್ಕನೇ ಇಸವಿಯ ನವೆಂಬರಿಗೆ ಬರುತ್ತೇನೆ. ನನಗೆ ಹನ್ನೊಂದು, ಮಿಲೋಷನಿಗೆ ಐದು. ಅವನ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿತು. ಗಂಟಲುಮಾರಿ, ಡಿಫ್ತೀರಿಯಾ. ಆಗಿನ ಕಾನೂನು ನಿಮಗೆ ಗೊತ್ತು. ಬಾಗಿಲಿಗೆ ಹಾಳೆ ಬೀಳುತ್ತಿತ್ತು, ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ದುಡಿಯುವ ಗಂಡಸು ಬೇಕಾದರೆ ಹೊರಗೇ ಉಳಿಯಬಹುದಿತ್ತು. ಊರಿನ ಎಲ್ಲ ಮನೆಗಳ ಹಾಳೆಯನ್ನೂ ಅಚ್ಚು ಹಾಕುತ್ತಿದ್ದವರು ಅಪ್ಪನೇ. ನಮ್ಮ ಮನೆಯದನ್ನೂ ಅವರೇ ತಂದು, ಅಡ್ಡಪಟ್ಟಿ ಹಿಡಿದು ನೇರ ನೋಡಿ, ಬಾಗಿಲಿನ ಗಾಜಿಗೆ ಅಂಟಿಸಿ, ಎದುರು ಬೀದಿಯ ಅಚ್ಚುಕೂಟಕ್ಕೆ ಹಾಸಿಗೆ ಹೊತ್ತುಕೊಂಡು ಹೋದರು. ಒಳಗಿನಿಂದ ಬೆಳಕಿಗೆ ಅಕ್ಷರಗಳು ತಿರುವುಮುರುವಾಗಿ ಕಾಣುತ್ತಿದ್ದವು. ಅಚ್ಚಿನವನ ಮಗಳಿಗೆ ತಿರುವುಮುರುವು ಓದುವುದು ಕಷ್ಟವೇ? ಒಳಗೆ ಬರಬೇಡಿ ಎಂದು ನನ್ನ ಮನೆಯೇ ಹೇಳುತ್ತಿದ್ದುದನ್ನು ದಿನವೂ ಒಳಗಿನಿಂದ ಓದಿದೆ.

ಮಾರನೆಯ ಬೆಳಿಗ್ಗೆ ಅಚ್ಚುಕೂಟದ ಕಿಟಕಿಯಲ್ಲಿ ಒಂದು ಹಾಳೆ ತೂಗುಬಿದ್ದಿತ್ತು. ದಪ್ಪಕ್ಷರ, ಎರಡನೇ ಅಳತೆ. "ಸಾರು ಕುಡಿದನಾ?" ಅಷ್ಟೇ. ಅಮ್ಮ ಕಿಟಕಿಗೆ ಬಂದು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮಧ್ಯಾಹ್ನಕ್ಕೆ ಇನ್ನೊಂದು, "ಸೌದೆ ಹಿತ್ತಲಲ್ಲಿ ಇಟ್ಟಿದೆ." ಮೂರನೆಯ ದಿನ ಬಂದದ್ದು ನನ್ನ ಜೀವನದಲ್ಲಿಯೇ ಮರೆಯಲಾಗದ್ದು. ನಮ್ಮ ಬೆಕ್ಕು ತಪ್ಪಿಸಿಕೊಂಡು ಬೀದಿ ದಾಟಿಬಿಟ್ಟಿತ್ತು. ಅಪ್ಪನಿಗೂ ಬೆಕ್ಕಿಗೂ ಆಗುತ್ತಿರಲಿಲ್ಲ. ಹಾಳೆಯಲ್ಲಿ ಹೀಗಿತ್ತು: "ಬೆಕ್ಕು ಇಲ್ಲಿದೆ. ಶಾಯಿ ತುಳಿದಿದೆ." ಹರಾಜು ಕೂಗುವ ಅಕ್ಷರದಲ್ಲಿ ಬೆಕ್ಕಿನ ಮೇಲೆ ಚಾಡಿ. ಬೀದಿಯ ಜನರೆಲ್ಲ ನಿಂತು ಓದಿದರು, ಬ್ರೆಡ್ ಅಂಗಡಿಯಾಕೆ ಬೆಕ್ಕಿಗೆ ಹಾಲು ತಂದುಕೊಟ್ಟಳು. ಒಂದೊಂದು ಅಕ್ಷರಕ್ಕೆ ಮೂರೋ ನಾಲ್ಕೋ ತುಂಡು ಮಾತ್ರ ಇರುತ್ತಿದ್ದುದರಿಂದ ಉದ್ದ ಮಾತು ಆಡಲು ಅಪ್ಪನಿಗೆ ಸಾಧ್ಯವೂ ಇರಲಿಲ್ಲ. ಬಾಯಲ್ಲಿಯೂ ಅವರು ಅದಕ್ಕಿಂತ ಹೆಚ್ಚು ಆಡಿದವರಲ್ಲ.

ಐದನೆಯ ದಿನ ಟೊಲೆಫ್ಸನ್ನರ ಬಾಗಿಲಿಗೂ ಹಾಳೆ ಬಿತ್ತು. ಸಿಗ್ರಿಡಳ ತಮ್ಮ ಆರ್ನೆ, ಆರು ವರ್ಷದವನು, ನಮ್ಮ ಮಿಲೋಷನ ಜೊತೆ ಹಿಮದ ಮೇಲೆ ಒಂದೇ ಸ್ಲೆಡ್ಡಿನಲ್ಲಿ ಜಾರಿದವನು. ಮೊದಲು ಯಾರ ಮನೆಗೆ ಬಂತು, ಯಾರಿಂದ ಯಾರಿಗೆ ಹೋಯಿತು ಎಂದು ಟೊಲೆಫ್ಸನ್ನರು ಆಗಲೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಅಧ್ಯಕ್ಷರೇ, ಅದಕ್ಕೆ ನಾನು ಈ ವೇದಿಕೆಯಲ್ಲಿಯಾದರೂ ನಿಮಗೆ ಕೈ ಮುಗಿಯಬೇಕು.

ಒಂಬತ್ತನೆಯ ದಿನ. ಅಮ್ಮ ಎರಡು ದಿನದಿಂದ ಮಿಲೋಷನ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ನನಗೆ ಒಳಗೆ ಹೋಗುವ ಅನುಮತಿಯಿಲ್ಲ. ಅವನ ಉಸಿರು ಗೋಡೆಯಾಚೆಯಿಂದ ಗರಗಸದಂತೆ ಕೇಳುತ್ತಿತ್ತು. ಮಧ್ಯಾಹ್ನ ಡಾಕ್ಟರು ಬಂದರು, ಹೋದರು. ನಾನು ಕಿಟಕಿಯಲ್ಲಿದ್ದೆ. ಡಾಕ್ಟರು ನೇರವಾಗಿ ಬೀದಿ ದಾಟಿ ಅಪ್ಪನ ಹತ್ತಿರ ಹೋಗಿ ಏನೋ ಹೇಳಿದರು. ಅಪ್ಪ ಟೋಪಿ ತೆಗೆದರು. ಹಿಮದಲ್ಲಿ ಬರಿತಲೆಯಲ್ಲಿ ನಿಂತರು. ಆಮೇಲೆ ಒಳಗೆ ಹೋಗಿ, ಕಿಟಕಿಯ ಬಳಿಯ ಕಲ್ಲಿನ ಮೇಜಿನ ಮುಂದೆ ಮಂಡಿಯೂರಿ, ಕೆಳಗಿನ ಖಾನೆಯನ್ನು ಎಳೆದರು.

ಸಭಿಕರೇ, ಬೇರೆ ಯಾವ ಮಗು ಇದ್ದರೂ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ನಾನು ಆ ಖಾನೆಗಳ ನಡುವೆ ಬೆಳೆದವಳು. ಯಾವ ಅಕ್ಷರ ಯಾವ ಮನೆಯಲ್ಲಿ ಮಲಗಿದೆ ಎಂಬುದು ನನಗೆ ಕಣ್ಣುಮುಚ್ಚಿ ಗೊತ್ತಿತ್ತು. ಅಪ್ಪನ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ. ಒಂದೊಂದೇ ತುಂಡು ಎತ್ತಿ, ಬಟ್ಟೆಯಲ್ಲಿ ಒರೆಸಿ ಕಲ್ಲಿನ ಮೇಲಿಟ್ಟರು. ಆರು ತುಂಡು, ಎಮ್ಮಿನಿಂದ ಎಚ್ಚಿನ ತನಕ. ನನ್ನ ತಮ್ಮನ ಹೆಸರು. ದೊಡ್ಡ ಅಳತೆಯಲ್ಲಿ.

ಮುಂದಿನದನ್ನು ನೋಡಲಾರದೆ ನಾನು ಕಿಟಕಿಯಿಂದ ಸರಿದೆ. ಆ ದಿನ ಅಚ್ಚುಕೂಟದ ಕಿಟಕಿಗೆ ಯಾವ ಹಾಳೆಯೂ ಬರಲಿಲ್ಲ. ಸಂಜೆ ಟೊಲೆಫ್ಸನ್ನರ ಮನೆಯಲ್ಲಿ ಅಳು ಕೇಳಿತು. ಆರ್ನೆ ಹೋಗಿದ್ದ. ಮಾರನೆಯ ಬೆಳಿಗ್ಗೆ ನಮ್ಮ ಮಿಲೋಷ ಕಣ್ಣು ಬಿಟ್ಟು, ಹಂದಿಮಾಂಸದ ಜೊತೆ ಕಡುಬು ಬೇಕು ಎಂದು ರಾಗ ಎಳೆದ. ಅಮ್ಮ ನಕ್ಕು ಅತ್ತು ಎರಡೂ ಮಾಡಿದಳು. ನಾನು ಮಾತ್ರ ಮನಸ್ಸಿನಲ್ಲಿ ಲೆಕ್ಕ ಮುಗಿಸಿಬಿಟ್ಟಿದ್ದೆ. ಡಾಕ್ಟರು ಕೈಚೆಲ್ಲಿದರು, ಅಪ್ಪ ನಂಬಿದರು, ಮಗನ ಉಸಿರು ಇನ್ನೂ ಆಡುತ್ತಿರುವಾಗಲೇ ಅವನ ಸಾವಿನ ಹಾಳೆ ಜೋಡಿಸಿದರು. ಅದೃಷ್ಟಕ್ಕೆ ಹುಡುಗ ಬದುಕಿಕೊಂಡ. ಹನ್ನೊಂದರ ಹುಡುಗಿಯ ಲೆಕ್ಕ. ಅದನ್ನು ನಾನು ಮತ್ತೆ ಕೂಡಿ ಕಳೆದು ನೋಡಲೇ ಇಲ್ಲ.

ಆರ್ನೆಯ ಹಾಳೆ ಎರಡನೇ ಅಳತೆಯಲ್ಲಿ ಅಚ್ಚಾಯಿತು. ಆಮೇಲೆ ತೀರಿಕೊಂಡವರದೆಲ್ಲ ಎರಡನೇ ಅಳತೆಯೇ. ಊರವರು ಯಾರೂ ಕೇಳಲಿಲ್ಲ. ಆದರೆ ಸಿಗ್ರಿಡಳ ತಾಯಿ ಒಮ್ಮೆ ನನ್ನಮ್ಮನ ಹತ್ತಿರ, "ನಮ್ಮ ಮಗೂದು ಸಣ್ಣ ಜೀವ ಅಂತ ಸಣ್ಣಕ್ಷರ ಹಾಕಿದ್ರೇನೋ" ಎಂದಿದ್ದಳಂತೆ.

ನನಗೆ ಹದಿನೈದಾದಾಗ, ಖಾನೆಗಳನ್ನು ಒರೆಸುವಾಗ, ಎಲ್ಲಕ್ಕಿಂತ ಕೆಳಗಿನದರಲ್ಲಿ ಕಂದು ಕಾಗದದಲ್ಲಿ ಸುತ್ತಿದ ಭಾರದ ಕಟ್ಟು ಸಿಕ್ಕಿತು. ಹಲಗೆಯ ಮೇಲೆ ಜೋಡಿಸಿದ ಅಕ್ಷರಗಳನ್ನು ಚೆಲ್ಲದಂತೆ ದಾರ ಬಿಗಿದು ಕಟ್ಟಿದ್ದು ಕಾಗದದ ಮೇಲಿನಿಂದಲೇ ಕೈಗೆ ತಿಳಿಯುತ್ತಿತ್ತು. ಮೇಲೆ ಅಪ್ಪನ ಪೆನ್ಸಿಲ್ ಬರಹ: "ಮಿಲೋಷ್. ಬಿಚ್ಚಬೇಡಿ." ಅಪ್ಪ ಹಿಂದೆಯೇ ನಿಂತಿದ್ದರು.

"ಅದ್ರಲ್ಲಿ ಏನದೆ ಗೊತ್ತಾ ನಿಂಗೆ?" ಎಂದರು.

"ಗೊತ್ತು" ಎಂದೆ.

"ಗೊತ್ತಿದ್ರೆ ಸರಿ. ಹಂಗೇ ಇರ್ಲಿ ಬಿಡು" ಎಂದರು.

ಅಷ್ಟೇ ಮಾತು. ಅವರು ನನಗೆ ಗೊತ್ತಿದೆ ಎಂದುಕೊಂಡರು, ನಾನೂ ನನಗೆ ಗೊತ್ತಿದೆ ಎಂದುಕೊಂಡೆ. ಒಂದು ಮಾತು ಹೆಚ್ಚು ಆಡಿದ್ದರೆ ನಮ್ಮಿಬ್ಬರಲ್ಲಿ ಯಾರ ಗಂಟು ಹೋಗುತ್ತಿತ್ತು?

ಇನ್ನು ಹೇಳಬೇಕಾದುದನ್ನು ಭಾಷಣದ ಕಾಗದದಲ್ಲಿ ಬರೆದಿರಲಿಲ್ಲ. ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಇಲ್ಲಿ ನಿಂತ ಮೇಲೆ ಬಿಡಲು ಆಗುತ್ತಿಲ್ಲ. ಮಿಲೋಷನಿಗೆ ಹದಿನೇಳಾದಾಗ ನಮ್ಮಿಬ್ಬರಿಗೆ ಜಗಳ ಬಂತು. ಯಾವುದಕ್ಕೆ? ಅವನು ಶಾಯಿಯ ಉರುಳೆ ತೊಳೆಯದೆ ಮೀನು ಹಿಡಿಯಲು ಹೋದದ್ದಕ್ಕೆ. ಶಾಲೆ ಮುಗಿದಂದಿನಿಂದ ನಾನು ದಿನಕ್ಕೆ ಹತ್ತು ಗಂಟೆ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಅಂಗಡಿಯ ಬಾಗಿಲ ಮೇಲೆ ಮಾತ್ರ 'ಕೊರಾಂಡಾ ಮತ್ತು ಮಗ' ಎಂದಿತ್ತು. ಅದೂ ಇದೇ ದಪ್ಪಕ್ಷರದಲ್ಲಿಯೇ.

"ನೀನ್ಯಾಕೆ ಉರ್ಕೋತೀಯ ಅಕ್ಕ? ಅಪ್ಪನಿಗೆ ನಾನಂದ್ರೆ ಪ್ರಾಣ, ಅದು ನಿಂಗೆ ತಡೆಯಲ್ಲ" ಎಂದ.

"ಪ್ರಾಣನಾ? ನೀನು ಉಸಿರಾಡ್ತಾ ಇದ್ದಾಗ್ಲೇ ನಿನ್ನ ಸಾವಿನ ಹಾಳೆ ಜೋಡ್ಸಿಟ್ಟೋರು ಅವ್ರು. ಕೆಳಗಿನ ಖಾನೇಲದೆ, ಹೋಗ್ ನೋಡು" ಎಂದೆ.

ಸಿಟ್ಟಿನಲ್ಲಿ ಅಂದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಸಿಟ್ಟಲ್ಲ, ಹೊಟ್ಟೆಕಿಚ್ಚು. ಅವನು ಹೋಗಿ ಕಟ್ಟು ನೋಡಿದ, ತನ್ನ ಹೆಸರು ಓದಿದ, ಬಿಚ್ಚಲಿಲ್ಲ. ಬೇಸಿಗೆಗೆ ಮುಂಚೆ ಕಬ್ಬಿಣದ ಅದಿರು ಸಾಗಿಸುವ ಹಡಗು ಹತ್ತಿದ. ಅಮ್ಮನಿಗೆ ಕಾಗದ ಬರುತ್ತಿತ್ತು, ಅಪ್ಪನಿಗೆ ಬರುತ್ತಿರಲಿಲ್ಲ. "ಹುಡ್ಗ ಯಾಕೆ ನನ್ ಮುಖ ನೋಡಲ್ಲ ಲಿದಾ?" ಎಂದು ಅಪ್ಪ ಒಂದು ದಿನ ಕೇಳಿದರು. "ವಯಸ್ಸಪ್ಪ, ಸರಿಹೋಗ್ತಾನೆ" ಎಂದೆ.

ನಲವತ್ತೊಂಬತ್ತರಲ್ಲಿ ಸಿಗ್ರಿಡಳ ಮದುವೆ. ಟೊಲೆಫ್ಸನ್ನರ ಅಂಗಳದಲ್ಲಿ ಪಿಟೀಲು, ನಗು, ಗಲಾಟೆ. ಹಾರೈಕೆಯ ಹಾಳೆ ಅಚ್ಚು ಹಾಕಬೇಕಿತ್ತು. ಅಪ್ಪ ಕೆಳಗಿನ ಖಾನೆ ತೆರೆದು ಬಹಳ ಹೊತ್ತು ನಿಂತಿದ್ದರು. "ಬಳ್ಳಿ ಅಕ್ಷರ ಮೇಲಿನ ಖಾನೇಲಿದೆ ಅಪ್ಪ" ಎಂದೆ. ವಯಸ್ಸಾಯಿತು, ಮರೆವು ಎಂದುಕೊಂಡೆ. ಅವರು ಎದುರಿನ ನಗುವನ್ನು ಕೇಳಿ, ಮಿಲೋಷ ಕೂರುತ್ತಿದ್ದ ಖಾಲಿ ಕುರ್ಚಿ ನೋಡಿ, ಖಾನೆ ಮುಚ್ಚಿದರು. ಎರಡು ವರ್ಷದ ಮೇಲೆ ತೀರಿಕೊಂಡರು. ಮಿಲೋಷನ ಹಡಗು ಸುಪೀರಿಯರ್ ಸರೋವರದಲ್ಲಿತ್ತು. ಅಪ್ಪನ ಹಾಳೆಯನ್ನು ನಾನು ಜೋಡಿಸಿದೆ, ಎರಡನೇ ಅಳತೆಯಲ್ಲಿ. ಕಟ್ಟು ಬಿಚ್ಚುವ ಧೈರ್ಯ ಆಗಲೂ ಬರಲಿಲ್ಲ. ಗೊತ್ತಿರುವುದನ್ನು ಇನ್ನೇನು ನೋಡುವುದು?

ಈಗ ಮೂರು ವಾರದ ಹಿಂದಿನ ಮಾತು. ವಸ್ತುಸಂಗ್ರಹಾಲಯದ ಪಟ್ಟಿ ಬರೆದುಕೊಳ್ಳಲು ಸಿಗ್ರಿಡ್ ಬಂದಿದ್ದಳು. ಭಾರದ ಖಾನೆಗಳನ್ನು ಎತ್ತಲು ಮಿಲೋಷ್ ಬಂದಿದ್ದ. ಕೆಳಗಿನ ಖಾನೆಯ ಸರದಿ ಬಂತು.

"ಇದೇನು ಲಿದಾ, ಕಟ್ಟು?" ಎಂದಳು ಸಿಗ್ರಿಡ್. "ಪಟ್ಟೀಲಿ ಏನಂತ ಬರೀಲಿ?"

"ಏನೂ ಬರೀಬೇಡ. ಅದನ್ನ ಕೊಡಲ್ಲ" ಎಂದೆ.

ಮಿಲೋಷ ಜೇಬಿನಿಂದ ಚಾಕು ತೆಗೆದ. "ನನ್ನ ಹೆಸ್ರಿರೋದು. ನಾನೇ ಬಿಚ್ತೀನಿ. ಐವತ್ತೆಂಟಾಯ್ತು ನಂಗೆ, ಇನ್ನು ಯಾವ ಸಾವಿನ ಹಾಳೆಗೆ ಹೆದರ್ಲಿ" ಎಂದ.

ನಾನು ಗೋಡೆಯ ಕಡೆ ತಿರುಗಿ ನಿಂತೆ. ದಾರ ತುಂಡಾದದ್ದು, ಕಾಗದ ಸರಿದದ್ದು ಕೇಳಿತು. ಅಚ್ಚಾಗದ ಅಕ್ಷರ ತಿರುವುಮುರುವಾಗಿರುತ್ತದೆ, ಆದರೆ ಅವನೂ ಅಚ್ಚಿನವನ ಮಗನೇ. ಆಮೇಲೆ ನನ್ನ ತಮ್ಮ ಹೇಳಿದ:

"ಅಕ್ಕ, ಇದ್ರಲ್ಲಿ ಬೆಕ್ಕು ಅಂತದೆ."

ಸಾವಿನ ಹಾಳೆಯಲ್ಲಿ ಬೆಕ್ಕು ಯಾಕೆ ಬರುತ್ತದೆ, ಸಭಿಕರೇ? ತಿರುಗಿ ನೋಡಿದೆ. ಹೆಸರು ಮಾತ್ರ ದೊಡ್ಡ ಅಳತೆ, ಉಳಿದದ್ದು ಕ್ರಮವಾಗಿ ಸಣ್ಣದು. ಓದುತ್ತೇನೆ: "ಮಿಲೋಷ್ ಬದುಕಿದ. ಭಾನುವಾರ ನಮ್ಮಲ್ಲಿ ಊಟ. ಎಲ್ಲರೂ ಬನ್ನಿ. ಬೆಕ್ಕು ಬೇಕಾದವರು ಮೊದಲೇ ಬನ್ನಿ."

ಡಾಕ್ಟರು ಆ ಮಧ್ಯಾಹ್ನ ಬೀದಿ ದಾಟಿ ಹೋದದ್ದು ಪೊರೆ ಸಡಿಲಿತು, ಹುಡುಗ ಉಳಿದ ಎಂದು ಹೇಳಲು. ಅಪ್ಪ ಟೋಪಿ ತೆಗೆದದ್ದು ದೇವರಿಗೆ. ಊರಿನವರು ಸತ್ತಾಗ ಮಾತ್ರ ತೆರೆಯುತ್ತಿದ್ದ ಖಾನೆಯನ್ನು ನನ್ನ ಅಪ್ಪ ಒಂದು ಸಲ, ಒಂದೇ ಸಲ, ಬದುಕಿದವನಿಗಾಗಿ ತೆರೆದಿದ್ದರು. ಅಚ್ಚು ಹಾಕುವ ಮೊದಲೇ ಟೊಲೆಫ್ಸನ್ನರ ಮನೆಯ ಅಳು ಕೇಳಿತು.

ಕಾಗದದ ಒಳಮೈಯಲ್ಲಿ ಇನ್ನೂ ಒಂದು ಸಾಲು ಪೆನ್ಸಿಲ್ಲಿನಲ್ಲಿತ್ತು. ಅದನ್ನು ಕಂಡದ್ದು ಸಿಗ್ರಿಡ್, ಗಟ್ಟಿಯಾಗಿ ಓದಿದ್ದೂ ಅವಳೇ: "ಟೊಲೆಫ್ಸನ್ನರ ಮನೆಯವರು ನಗುವ ತನಕ ಬೇಡ. ಇದರ ಅಕ್ಷರ ಕಿತ್ತು ಅವರ ಮಗುವಿನ ಹೆಸರಿಗೆ ಜೋಡಿಸಲು ನನ್ನಿಂದಾಗದು." ದೊಡ್ಡ ಅಳತೆಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೋ ಎರಡೋ ತುಂಡು, ಟೊಲೆಫ್ಸನ್ ಎಂದು ಜೋಡಿಸಲು ಬೇಕಾದ ಎಲ್, ಓ, ಎಸ್ ಮಿಲೋಷನ ಹೆಸರಿನಲ್ಲಿ ಸಿಕ್ಕಿಕೊಂಡಿದ್ದವು. ಆರ್ನೆಗೆ ಸಣ್ಣಕ್ಷರ ಬಂದದ್ದು ಯಾಕೆಂದು ಅವನ ಅಕ್ಕನಿಗೆ ಐವತ್ತಮೂರು ವರ್ಷದ ಮೇಲೆ ತಿಳಿಯಿತು. ಅವಳು ಕಲ್ಲಿನ ಮೇಜಿಗೆ ಒರಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಆ ಅಕ್ಷರಗಳನ್ನು ನೋಡಿದಳು. "ಅಲ್ಲ ಲಿದಾ, ಇಷ್ಟು ದೊಡ್ಡ ಸಂತೋಷದಲ್ಲೂ ಬೆಕ್ಕು ಸಾಗಹಾಕೋ ಯೋಚ್ನೆನಾ ಈ ಮನುಷ್ಯಂಗೆ" ಎಂದು ನಗತೊಡಗಿದಳು. ನಿಲ್ಲಿಸಲು ಆಗಲಿಲ್ಲ ಅವಳಿಗೆ. ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು.

ನಾನು ಮಿಲೋಷನ ಮುಂದೆ ನಿಂತೆ. ಅಪ್ಪನನ್ನು ಅವನಿಂದ ಕಸಿದವಳು ನಾನು. ಅವನು ಬೆರಳಿನಿಂದ ತನ್ನ ಹೆಸರಿನ ಅಕ್ಷರಗಳ ಪಾದ ಸವರುತ್ತಿದ್ದ. "ನೀನು ಹೇಳಿದ್ದೂ ತಪ್ಪು ಅಕ್ಕ, ನಾನು ನಂಬಿದ್ದೂ ತಪ್ಪು. ಅಚ್ಚಿನವನ ಮಕ್ಕಳಾಗಿ ಇಬ್ರೂ ಕರಡು ನೋಡ್ದೆ ಒಪ್ಪಿಬಿಟ್ವಲ್ಲ" ಎಂದ. ಮತ್ತೆ ಮೊದಲಿನಿಂದ ಓದಿ, "ಭಾನುವಾರ ಅಂತ ಹಾಕವ್ರೆ. ಯಾವ ಭಾನುವಾರ ಅಂತ ಹಾಕಿಲ್ಲ ನೋಡು" ಎಂದ.

ಆ ದಿನ ರಾತ್ರಿ ನಾನು ನಿದ್ದೆ ಮಾಡಿದೆ. ಎಷ್ಟು ವರ್ಷವಾಗಿತ್ತೋ. ಅಪ್ಪ ಮಗನ ಕೈಬಿಟ್ಟಿರಲಿಲ್ಲ, ಅಷ್ಟು ತಿಳಿದದ್ದೇ ನನಗೆ ಸಾಕು. ಉಳಿದ ತಪ್ಪು ನನ್ನದು, ಅದನ್ನು ಹೊತ್ತುಕೊಂಡು ನಡೆಯಲು ಈಗ ಬೆನ್ನಿಗೆ ಶಕ್ತಿಯಿದೆ.

ಸಭಿಕರೇ, ಆ ಹಾಳೆಯನ್ನು ಕಳೆದ ವಾರ ಮಿಲೋಷ್ ಉರುಳೆ ಎಳೆದು ಅಚ್ಚು ಹಾಕಿದ. ಈ ಸಲ ಉರುಳೆಯನ್ನು ತೊಳೆದಿಟ್ಟಿದ್ದಾನೆ, ದಾಖಲೆಗೆ ಇರಲಿ. ಅಂಚೆಕಚೇರಿ, ಬ್ರೆಡ್ ಅಂಗಡಿ, ಚರ್ಚಿನ ಬಾಗಿಲು ಎಲ್ಲಕ್ಕೂ ಅಂಟಿಸಿ ಬಂದದ್ದು ಅಧ್ಯಕ್ಷರೇ. ಏನಿದು ಎಂದು ನೀವೆಲ್ಲ ಕೇಳುತ್ತಿದ್ದಿರಿ, ಉತ್ತರ ಸಿಕ್ಕಿತಲ್ಲ? ಇಂದು ಭಾನುವಾರ. ಊಟ ನಮ್ಮ ಮನೆಯದು. ಸುಪೀರಿಯರಿನ ಅಲೆಗಿಂತ ದೊಡ್ಡ ಹಸಿವಿರುವವರಿಗೂ ಸಾಲುವಷ್ಟು ಕಡುಬು ಮಾಡಿಸಿದ್ದೇವೆ. ಆರ್ನೆಯ ಹೆಸರಿನ ಹಾಳೆಯೂ ಬಾಗಿಲ ಬಳಿ ಇದೆ, ದೊಡ್ಡ ಅಳತೆಯಲ್ಲಿ. ಮಿಲೋಷನ ಹೆಸರು ಅಚ್ಚಾದ ಮೇಲೆ ಅದರಿಂದ ಬೇಕಾದ ಅಕ್ಷರಗಳನ್ನು ಕಿತ್ತು ಇದನ್ನು ಜೋಡಿಸಿದವನು ಮಿಲೋಷನೇ. ಒಳಗೆ ಹೋಗುವಾಗ ಒಂದು ಗಳಿಗೆ ನಿಂತು ಓದಿ.

ನನ್ನ ಅಪ್ಪನ ಅಕ್ಷರಗಳನ್ನು ಕಾಪಾಡುತ್ತೇವೆಂದ ಸಮಿತಿಗೆ, ನಕ್ಕ ಸಿಗ್ರಿಡಳಿಗೆ, ತಡವಾಗಿ ಮನೆಗೆ ಬಂದ ತಮ್ಮನಿಗೆ, ಕೊಲಾಚೆ ತಣಿಯಲು ಬಿಟ್ಟು ಕೇಳಿದ ನಿಮಗೆ ನನ್ನ ವಂದನೆ. ಬೆಕ್ಕು ಯಾರಿಗೂ ಕೊಡುವುದಿಲ್ಲ, ಅದು ಆಗಲೇ ಅಪ್ಪನ ತೊಡೆಯ ಮೇಲೆ ಹದಿಮೂರು ವರ್ಷ ಬದುಕಿ ಹೋಯಿತು. ಎಲ್ಲರೂ ಊಟಕ್ಕೆ ಏಳಿ. ನಮಸ್ಕಾರ.